ಬೊಲ್ಸೇನಾದ ಕಲ್ಲು

ಕಲ್ಲಿಗೆ ಎಣ್ಣೆ ಹಿಡಿಯುವವರೆಗೆ ಸಿದ್ದೇಶ ಬಚ್ಚಲಿನ ಬಾಗಿಲು ತೆಗೆಯುವ ಹಾಗಿರಲಿಲ್ಲ. ಒಣಗಿತೆಂದರೆ ಅದು ಬೂದು ಬಣ್ಣಕ್ಕೆ ತಿರುಗಿ, ತಾನು ಇಟಲಿಯ ಯಾವುದೋ ಕೆರೆಯ ದಂಡೆಯ ಕಲ್ಲು, ಇಷ್ಟಲಿಂಗ ಅಲ್ಲವೇ ಅಲ್ಲ ಎಂದು ಸಾರಿಬಿಡುತ್ತಿತ್ತು. ಒದ್ದೆಯಾದಾಗ ಕಪ್ಪು. ತೆಂಗಿನೆಣ್ಣೆ ಕುಡಿದಾಗ ಇನ್ನೂ ಕಪ್ಪು, ನಿಜವಾದ ಲಿಂಗದ ಮೇಲಿನ ಲೇಪಕ್ಕೆ ಹತ್ತಿರ ಹತ್ತಿರ ಬರುವಷ್ಟು. ಆದರೂ ಪೂಜೆಯ ನಡುವೆ, ಅಂಗೈಯ ಬಿಸಿಗೆ, ಅಂಚಿನಲ್ಲಿ ಆ ಹಾಳು ಬೂದು ಮೆಲ್ಲಗೆ ಮೂಡುವುದನ್ನು ಅವನು ಎಷ್ಟೋ ಸಲ ಉಸಿರು ಬಿಗಿಹಿಡಿದು ನೋಡಿದ್ದ. ಹಾಗಾಗಿ ಈಗ ಶವರನ್ನು ಸುಮ್ಮನೆ ಸುರಿಯಲು ಬಿಟ್ಟು, ಕಮೋಡಿನ ಮುಚ್ಚಳದ ಮೇಲೆ ಕುಳಿತು, ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. ಕುಳಿತ ಜಾಗ ಎಂಥದು ಎಂಬುದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಚಿಲಕ ಹಾಕಿಕೊಳ್ಳಲು ಬೇರೆ ಜಾಗ ಇರಲಿಲ್ಲ, ಅಷ್ಟೆ.

"ಸಿದ್ದೂ, ಜಳಕ ಆತೇನೋ?" ಹೊರಗಿನಿಂದ ಅವ್ವ ಕೇಳಿದಳು.

"ಆತವ್ವಾ, ಬಂದೆ," ಎಂದು ಎಣ್ಣೆ ಹಿಡಿದ ಕಲ್ಲಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು ವಸ್ತ್ರದಲ್ಲಿ ಕಟ್ಟಿಕೊಂಡ.

"ಸಾವಕಾಶ ಬಾ. ಅಕ್ಕಸಾಲಿಗ ಬರೂತನಕ ಹ್ಯಾಂಗೂ ಪೂಜಿ ಇಲ್ಲಲ್ಲ."

ಅಕ್ಕಸಾಲಿಗ ಎಂಬವನು ಇರಲೇ ಇಲ್ಲ. ಬೆಳ್ಳಿಯ ಕರಡಿಗೆಯ ಮುಚ್ಚಳ ಸಡಿಲಾಗಿದೆ, ರಿಪೇರಿಗೆ ಕೊಟ್ಟಿದ್ದೇನೆ, ಅದಕ್ಕೇ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕಟ್ಟಿಕೊಂಡಿದ್ದೇನೆ ಎಂದು ಅವ್ವ ಬಂದ ದಿನ ಬಾಯಿಗೆ ಬಂದದ್ದನ್ನು ಹೇಳಿದ್ದ. ಸುಳ್ಳಿಗೂ ಒಂದು ಗಡುವು ಇರುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಇಂದು ಶ್ರಾವಣದ ಮೊದಲ ಸೋಮವಾರ. ಅವ್ವ, ಬಸಲಿಂಗವ್ವ, ಗದಗಿನಿಂದ ಹೊಸ ಶಿವದಾರ ತಂದಿದ್ದಳು, ಒಣಗಿದ ಪತ್ರಿ ತಂದಿದ್ದಳು. ಇವತ್ತು ಮಗ ತನ್ನೆದುರಿಗೆ ಲಿಂಗವನ್ನು ಅಪ್ಪನ ಕರಡಿಗೆಯಲ್ಲಿಟ್ಟು ಹೊಸ ದಾರಕ್ಕೆ ಕಟ್ಟಿಕೊಳ್ಳಬೇಕು, ಆಮೇಲೆ ಇಬ್ಬರೂ ಎದುರುಬದುರು ಕುಳಿತು ಪೂಜೆ, ಆಮೇಲೆ ಊಟ. ಅಲ್ಲಿಯವರೆಗೆ ಅವಳು ಹನಿ ನೀರನ್ನೂ ಮುಟ್ಟುವವಳಲ್ಲ. ಕರಡಿಗೆ, ಅದರೊಳಗಿನ ಲಿಂಗ, ಎರಡೂ ಈಗ ಕೊರಿಯರಿನವನ ವ್ಯಾನಿನಲ್ಲಿ ಅಬುಧಾಬಿಯ ಯಾವುದೋ ರಸ್ತೆಯಲ್ಲಿದ್ದವು. 'ಡೆಲಿವರಿಗೆ ಹೊರಟಿದೆ' ಎಂದು ಫೋನು ಬೆಳಿಗ್ಗೆಯಿಂದ ಅದೊಂದೇ ಮಾತು ಹೇಳುತ್ತಿತ್ತು.

ಹಾಲಿಗೆ ಬಂದಾಗ ಅವ್ವ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತು ಹೊರಗೆ ನೋಡುತ್ತಿದ್ದಳು. ಅಲ್ ರೀಮ್ ಐಲ್ಯಾಂಡಿನ ಗಾಜಿನ ಕಟ್ಟಡಗಳು ಬಿಸಿಲಿಗೆ ಬೆಳ್ಳಗಾಗಿದ್ದವು, ನಡುವೆ ಒಂದು ತುಂಡು ಸಮುದ್ರ. ಆ ನೀರನ್ನು ನೋಡಿದಾಗಲೆಲ್ಲ ಅವನಿಗೆ ಇಟಲಿಯ ಬೊಲ್ಸೇನಾ ಕೆರೆ ನೆನಪಾಗುತ್ತದೆ. ಅಲ್ಲಿನ ದಂಡೆಯ ಮರಳು ಕಪ್ಪು, ಹಿಂದೆ ಬೆಂಕಿಯ ಬೆಟ್ಟವಾಗಿದ್ದ ಜಾಗವಂತೆ. ಈ ಬೇಸಿಗೆಯ ರಜೆಯಲ್ಲಿ ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡು ಲುಕ್ಕಾ, ಸಿಯೆನಾ ಎಂದು ಊರೂರು ದಾಟುತ್ತಾ, ಸಂಜೆಯಾದರೆ ದ್ರಾಕ್ಷಿ ತೋಟದ ಮಗ್ಗುಲಲ್ಲೋ ಆಲಿವ್ ಮರದ ಕೆಳಗೋ ಗಾಡಿ ನಿಲ್ಲಿಸಿ ಡೇರೆ ಹೊಡೆಯುತ್ತಾ ಹೋದ ಆ ದಿನಗಳಲ್ಲಿ ಅವನು ಸುಖವಾಗಿದ್ದ. ಸುಳ್ಳು ಹೇಳಬಾರದು, ತುಂಬಾ ಸುಖವಾಗಿದ್ದ. ಅಲ್ಲಿ ಕೆರೆಯಲ್ಲಿ ಈಜಿ ಬಂದು ಮೈ ಒರೆಸಿಕೊಳ್ಳುವಾಗ ಪಕ್ಕದ ಡೇರೆಯ ಡಚ್ ಮನುಷ್ಯ ಅವನ ಎದೆಯ ಕಡೆ ಬೆರಳು ತೋರಿಸಿ, ಅದೇನು, ಔಷಧಿಯೇ, ಹೃದಯದ ಗುಳಿಗೆಯೇ ಎಂದು ಕೇಳಿದ. ಒಳ್ಳೆಯ ಮನುಷ್ಯ, ಕಾಳಜಿಯಿಂದಲೇ ಕೇಳಿದ್ದ. ಸಿದ್ದೇಶ, ಹೌದು, ಔಷಧಿ ಎಂದ. ಹುಟ್ಟಿದ ಹೊಸತರಲ್ಲಿ ಅಯ್ಯನವರು ಬಂದು ಕಟ್ಟಿದ ಲಿಂಗವನ್ನು ಒಂದೇ ಮಾತಿನಲ್ಲಿ ಗುಳಿಗೆ ಮಾಡಿಬಿಟ್ಟಿದ್ದ. ಆಮೇಲೆ ಆ ಮನುಷ್ಯ ಎದುರಾದಾಗಲೆಲ್ಲ, ಬಿಸಿಲಿಗೆ ಹೋಗಬೇಡಿ, ಭಾರ ಎತ್ತಬೇಡಿ ಎನ್ನತೊಡಗಿದ. ಅವನ ಹೆಂಡತಿ ಕರುಣೆಯಿಂದ ನೋಡತೊಡಗಿದಳು.

"ಶಿವಾನಿ ಏನ ಹುಡಕಾಕತ್ತೈತಿ ನೋಡು, ಮುಂಜಾನಿಂದ ಹುಡಕಾಕತ್ತೈತಿ," ಎಂದಳು ಅವ್ವ.

ಮಗಳು ಸೋಫಾದ ಕೆಳಗೆ ತಲೆ ಹಾಕಿದ್ದಳು. ನೆಲದ ಮೇಲೆ ಅವಳ ಬೂಟಿನ ಡಬ್ಬಿ ತೆರೆದುಕೊಂಡಿತ್ತು. ಹೋದ ಊರಿಗೊಂದರಂತೆ ತಂದ ಕಲ್ಲುಗಳು, ಪ್ರತಿಯೊಂದರ ಕೆಳಗೂ ಊರಿನ ಹೆಸರಿನ ಚೀಟಿ. ಒಂದು ಚೀಟಿಯ ಮೇಲೆ ಕಲ್ಲಿರಲಿಲ್ಲ.

"ಮೈ ಬೊಲ್ಸೇನಾ ಸ್ಟೋನ್ ಈಸ್ ಮಿಸ್ಸಿಂಗ್, ಪಪ್ಪಾ. ದ ಬ್ಲ್ಯಾಕ್ ಒನ್. ಇಟ್ ವಾಸ್ ಮೈ ಬೆಸ್ಟ್."

"ಸಿಗ್ತೈತಿ ಬಿಡು ಪುಟ್ಟಿ," ಎಂದ. ಅಂಗಿಯ ಒಳಗೆ ಕಲ್ಲು ಎದೆಗೆ ಒತ್ತುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಿವೇದಿತಾ ಅವನನ್ನು ನೋಡಲಿಲ್ಲ. ಈಚೀಚೆಗೆ ಅವಳು ಇಂಥ ಹೊತ್ತಿನಲ್ಲಿ ಅವನನ್ನು ನೋಡುವುದನ್ನು ಬಿಟ್ಟಿದ್ದಳು. ಕೇಳಬೇಕಾದ ಒಂದು ಪ್ರಶ್ನೆಯನ್ನು ಅವಳು ಇಟಲಿಯಲ್ಲೇ ಕೇಳಿ ಮುಗಿಸಿದ್ದಳಲ್ಲ. ಬೊಲ್ಸೇನಾ ಬಿಡುವ ಬೆಳಿಗ್ಗೆ ಕ್ಯಾಂಪಿನ ಸಾಮೂಹಿಕ ಬಚ್ಚಲಿಗೆ ಹೋದಾಗ ಆ ಡಚ್ ಮನುಷ್ಯ ಅಲ್ಲೂ ಇದ್ದ, ಗಡ್ಡ ಹೆರೆದುಕೊಳ್ಳುತ್ತಾ ಕನ್ನಡಿಯಲ್ಲೇ ಕೈ ಎತ್ತಿದ. ಇನ್ನೊಂದು ಸಲ ಹೃದ್ರೋಗಿಯಾಗುವ ಚೈತನ್ಯ ಸಿದ್ದೇಶನಿಗೆ ಇರಲಿಲ್ಲ. ಸ್ನಾನದಲ್ಲೂ ತೆಗೆಯದ ಲಿಂಗವನ್ನು ಕೊರಳಿಂದ ತೆಗೆದು, ಕರಡಿಗೆಯ ಸಮೇತ ಒಂದು ಕಾಲುಚೀಲದೊಳಗೆ ತುರುಕಿ, ಕಿಟಕಿಯ ಗೂಡಿನಲ್ಲಿಟ್ಟ. ಕಾಲುಚೀಲ. ಹೊರಗೆ ಶಿವಾನಿ ಹಾರ್ನ್ ಒತ್ತುತ್ತಿದ್ದಳು. ಅಸ್ಸಿಸಿಯ ಹತ್ತಿರ ಬಂದು, ಬೆಟ್ಟದ ಮೇಲೆ ಆ ಊರು ನಸುಗೆಂಪಾಗಿ ಕಂಡು, ಎಲ್ಲರೂ ಆಹಾ ಎನ್ನುವಾಗ ಸೀಟ್ ಬೆಲ್ಟ್ ಸರಿಮಾಡಲು ಎದೆಗೆ ಕೈ ಹೋಯಿತು. ಕೈಗೆ ಅಂಗಿ ಮಾತ್ರ ಸಿಕ್ಕಿತು.

"ಹೊಳ್ಳಿ ಹೋಗೂಣೇನ್ರಿ?" ಎಂದು ಕೇಳಿದ್ದಳು ನಿವೇದಿತಾ. ಒಂದೇ ಸಲ. ಗಾಡಿ ತಿರುಗಿಸಿದ್ದರೆ ಮಧ್ಯಾಹ್ನದೊಳಗೆ ಅಲ್ಲಿರುತ್ತಿದ್ದರು. ಆದರೆ ಊರ ಕೆಳಗಿನ ಮೈದಾನದಲ್ಲಿ ಗಾಡಿ ನಿಲ್ಲಿಸಲು ಜಾಗ ಕಾದಿರಿಸಿಯಾಗಿತ್ತು, ಸಂಜೆ ಚರ್ಚು ಮುಚ್ಚುತ್ತಿತ್ತು, ಮರುದಿನ ಇನ್ನೊಂದು ಊರು. ಫೋನ್ ಮಾಡ್ತೀನಿ ಬಿಡು, ಎಂದ. ಅಷ್ಟೇ ಅವನು ಆಡಿದ್ದು. ಆಮೇಲೆ ಆ ಬೆಟ್ಟದ ಊರಿನ ಕಲ್ಲಿನ ಓಣಿಗಳಲ್ಲಿ ಐಸ್‌ಕ್ರೀಂ ತಿನ್ನುತ್ತಾ ನಡೆದರು, ಫೋಟೋ ತೆಗೆದರು. ಹಿಂದೊಂದು ಊರಿನ ಚರ್ಚಿನಲ್ಲಿ ಸತ್ತು ಶತಮಾನಗಳಾದ ಯಾವುದೋ ಪುಣ್ಯವಂತೆಯ ಬೆರಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಚ್ಚಿದ್ದನ್ನು ನೋಡಿ ಅವನು ನಕ್ಕಿದ್ದ, ಏನ್ ಮಂದಿ ಇವರು ಅಂದಿದ್ದ. ಅಸ್ಸಿಸಿಯಲ್ಲಿ ಆ ನಗೆ ನೆನಪಾಗಿ ಐಸ್‌ಕ್ರೀಂ ಮಗಳ ಕೈಗೆ ಕೊಟ್ಟುಬಿಟ್ಟ. ಇನ್ನೊಬ್ಬರ ಬೆರಳನ್ನು ಅವರು ಅಷ್ಟು ಕಾಲ ಕಾಪಾಡಿಕೊಂಡು ಬಂದಿದ್ದರು, ತನ್ನದನ್ನು ತಾನು ಒಂದು ಸ್ನಾನ ಮುಗಿಯುವವರೆಗೆ ಕಾಯಲಾರದೆ ಹೋಗಿದ್ದ. ಆದರೂ ಗಾಡಿ ತಿರುಗಿಸಲಿಲ್ಲ.

"ಅತ್ತಿ, ಒಂದ್ ನಾಕ್ ಗುಟುಕು ಹಾಲರೆ ಕುಡೀರಿ. ಶುಗರ್ ಕಡಿಮಿ ಆಗ್ತೈತಿ," ನಿವೇದಿತಾ ಹೇಳುತ್ತಿದ್ದಳು.

"ಪೂಜಿ ಆಗ್ಲೆವಾ."

"ಹನ್ನೊಂದು ಹೊಡೀತು. ಮೈ ಬೆವರಾಕತ್ತೈತಲ್ರಿ ನಿಮ್ದು, ಎಸಿ ಒಳಗ."

"ಆಗ್ಲಿ ಬಿಡು. ಶ್ರಾವಣ ಸೋಮಾರ."

ಸಿದ್ದೇಶ ಅವ್ವನ ಹಣೆ ನೋಡಿದ. ನಿಜ, ಕೂದಲಿನ ಅಂಚಿನಲ್ಲಿ ಬೆವರು ಕಟ್ಟಿತ್ತು, ತೊಡೆಯ ಮೇಲಿಟ್ಟ ಬೆರಳುಗಳು ಸಣ್ಣಗೆ ಅಲುಗುತ್ತಿದ್ದವು. ಈಗ ಹೇಳಿಬಿಡಬೇಕು. ಅವ್ವಾ, ಕಳಕೊಂಡೆ, ಕೊರಿಯರಿನಾಗ ಬರಾಕತ್ತೈತಿ, ನೀ ಹಾಲು ಕುಡಿ. ನಾಲ್ಕು ಮಾತು. ಹೇಳಿದರೆ ಏನಾಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು, ಸಣ್ಣವನಿದ್ದಾಗ ಕಣ್ಣಾರೆ ನೋಡಿದ್ದ. ಅವ್ವನ ಸ್ವಂತ ಅಣ್ಣ ಹೊಳೆಯಲ್ಲಿ ಈಜುವಾಗ ಲಿಂಗ ಕಳೆದುಕೊಂಡು, ಯಾರಿಗೂ ಹೇಳದೆ ಬರೀ ಕರಡಿಗೆ ಕಟ್ಟಿಕೊಂಡು ತಿರುಗಿದ್ದ. ಗೊತ್ತಾದ ದಿನ ಅವ್ವ ಅವನ ಮನೆಯ ಪಡಸಾಲೆಯಲ್ಲಿ ಎಡೆ ಬಿಟ್ಟು ಎದ್ದಳು. ಆತ ಸಾಯುವವರೆಗೂ ಆ ಮನೆಯಲ್ಲಿ ನೀರು ಮುಟ್ಟಲಿಲ್ಲ. ಕಳೆದದ್ದಕ್ಕೆ ಇಷ್ಟು ಶಿಕ್ಷೆಯೇ ಎಂದು ಒಮ್ಮೆ ಸಿದ್ದೇಶ ಜಗಳ ತೆಗೆದಾಗ ಹೇಳಿದ್ದಳು: "ಕಳದದ್ದಕ್ಕ ಅಲ್ಲಪಾ. ಕಳಕೊಂಡಾವ ಗುರುಗಳ ಹತ್ರ ಹೋಗಿ ಇನ್ನೊಂದು ಕಟಿಸಿಕೊಂಡಿದ್ರ ಮುಗೀತಿತ್ತು. ಬರೇ ಕರಡಿಗಿ ಕಟಗೊಂಡು ನನ್ನ ಎದರಿಗೆ ಕುಂತು ಪೂಜಿ ಮಾಡಿದನಲ್ಲ, ಅದಕ್ಕ." ಮಾವನದು ಬರಿದಾದ ಕರಡಿಗೆ ಮಾತ್ರ. ತನ್ನದು ಎಣ್ಣೆ ಹಚ್ಚಿದ ಕಲ್ಲು.

ಹಾಗೆ ನೋಡಿದರೆ ಅವನು ಮೋಸ ಮಾಡಬೇಕೆಂದು ಹೊರಟವನಲ್ಲ. ವಿಮಾನ ನಿಲ್ದಾಣಕ್ಕೆ ಅವ್ವನನ್ನು ಕರೆತರಲು ಹೊರಡುವಾಗ ಎದೆ ಬರಿದಾಗಿ ಕಾಣಬಾರದಲ್ಲ, ಮನೆಗೆ ಬಂದ ಮೇಲೆ ಹೇಳಿದರಾಯಿತು ಎಂದು ಮಗಳ ಡಬ್ಬಿಯಿಂದ ಒಂದು ದುಂಡನೆಯ ಕಲ್ಲು ತೆಗೆದು ವಸ್ತ್ರದಲ್ಲಿ ಕಟ್ಟಿಕೊಂಡಿದ್ದ. ಗಾಲಿಕುರ್ಚಿಯಲ್ಲಿ ಹೊರಗೆ ಬಂದ ಅವ್ವ, ಹೇಗಿದ್ದೀ ಎಂದೂ ಕೇಳದೆ, ಅಷ್ಟು ಜನರ ನಡುವೆ ಅವನ ಎದೆಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದಳು. ಬೋರ್ಡಿಂಗ್ ಸ್ಕೂಲಿನಿಂದ ಬಂದಾಗಲೂ, ಮಸ್ಕತ್ತಿನಿಂದ ಬಂದಾಗಲೂ ಅವಳು ಮೊದಲು ಮಾಡುತ್ತಿದ್ದುದು ಅದನ್ನೇ. ಕೈಗೆ ಗಟ್ಟಿಯಾದದ್ದು ಸಿಕ್ಕಿತು. ಅವಳ ಮುಖ ಅರಳಿತು. ಆ ಮುಖಕ್ಕೆ ಇಲ್ಲ ಎನ್ನಲು ಅವನಿಂದ ಆಗಲಿಲ್ಲ. ಮರುದಿನದಿಂದ ಪೂಜೆ. ವರ್ಷಗಟ್ಟಲೆ ಲಿಂಗವನ್ನು ಬನಿಯನ್ನಿನ ಹಾಗೆ ಸುಮ್ಮನೆ ಮೈಮೇಲೆ ಹೊತ್ತುಕೊಂಡು ತಿರುಗಿದವನು, ಅಂಗೈಯಲ್ಲಿಟ್ಟು ನೋಡಿದ್ದು ಯಾವಾಗ ಎಂದು ನೆನಪೂ ಇಲ್ಲದವನು, ಈಗ ದಿನಾ ಬೆಳಿಗ್ಗೆ ಬೊಲ್ಸೇನಾದ ಕಲ್ಲಿಗೆ ವಿಭೂತಿ ಹಚ್ಚಿ, ಅದರ ಮೇಲಿಂದ ಕಣ್ಣು ಕೀಳದೆ, ಬೂದು ಮೂಡಬೇಡ, ಮೂಡಬೇಡ ಎಂದು ಜೀವ ಹಿಡಿದುಕೊಂಡು ಕೂಡತೊಡಗಿದ.

ಬೊಲ್ಸೇನಾದ ಕ್ಯಾಂಪು ನೋಡಿಕೊಳ್ಳುವ ಹೆಂಗಸು ಕಳಿಸಿದ ಫೋಟೋ ಬಂದದ್ದು ಆಮೇಲೆ. ಆಫೀಸಿನ ಶೌಚಾಲಯದಲ್ಲಿ ಅದನ್ನು ತೆರೆದು ನೋಡಿದ. ಕಿಟಕಿಯ ಗೂಡಿನಿಂದ ಜಾರಿ ಬಟ್ಟೆ ಒಗೆಯುವ ಯಂತ್ರದ ಹಿಂದೆ ಬಿದ್ದಿತ್ತಂತೆ, ಇದೇನಾ ನಿಮ್ಮದು ಎಂದು ಕೇಳಿದ್ದಳು. ಕರಡಿಗೆಯಿಂದ ಹೊರತೆಗೆದು ತನ್ನ ಅಂಗೈಯಲ್ಲಿಟ್ಟು ಫೋಟೋ ಹೊಡೆದಿದ್ದಳು. ಹೆತ್ತ ಅವ್ವ ಕೂಡ ಮುಟ್ಟಬಾರದ ಲಿಂಗ. ಫೋನು ಬಲಗೈಯಲ್ಲಿದ್ದಿರಬೇಕು, ಹಾಗಾಗಿ ಲಿಂಗ ಇದ್ದದ್ದು ಎಡ ಅಂಗೈಯಲ್ಲಿ, ಸರಿಯಾಗಿ ಇರಬೇಕಾದ ಕೈಯಲ್ಲಿ. ಸಿದ್ದೇಶ ಅಲ್ಲೇ ನಿಂತು ಅತ್ತುಬಿಟ್ಟ.

ಫೋನು ರಿಂಗಾಯಿತು. ಅವನು ಬಾಲ್ಕನಿಗೆ ಓಡಿದ. ಬಿಸಿಗಾಳಿ ಮುಖಕ್ಕೆ ಹೊಡೆಯಿತು.

"ಸಾಬ್, ಪಾರ್ಸೆಲ್ ಹೈ ಆಪ್ ಕಾ. ಲೊಕೇಶನ್ ಭೇಜೋ," ಎಂದ ಕೊರಿಯರಿನವನು. "ಲೇಕಿನ್ ಅಂದರ್ ಕ್ಯಾ ಹೈ? ಬ್ಲ್ಯಾಕ್ ಸ್ಟೋನ್ ಲಿಖಾ ಹೈ. ಎಂಟ್ರಿ ಕರ್ನಾ ಪಡ್ತಾ ಹೈ." ಒಳಗಿರುವುದು ಏನೆಂದು ಅವನು ಬರೆದುಕೊಳ್ಳಬೇಕಿತ್ತು.

ಗಾಜಿನ ಆಚೆ ಅವ್ವ ಇತ್ತಲೇ ನೋಡುತ್ತಿದ್ದಳು.

"ಸುವನೀರ್," ಎಂದ ಸಿದ್ದೇಶ. "ಸುವನೀರ್ ಹೈ ಭಾಯ್, ಘೂಮ್ನೇ ಗಯೇ ಥೇ."

"ಖಲಾಸ್. ಆತಾ ಹೂಂ."

ಗುಳಿಗೆಯಾಗಿದ್ದದ್ದು ಈಗ ಪ್ರವಾಸದ ನೆನಪಿಗೆ ತಂದ ವಸ್ತುವಾಯಿತು. ತಾನು ಇನ್ನು ಯಾವ ಯಾವ ಹೆಸರಿನಿಂದ ಅದನ್ನು ಕರೆಯಬೇಕಾಗಿದೆಯೋ ಎಂದುಕೊಂಡ. ಒಳಗೆ ಬಂದರೆ ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ತುಟಿಗಳು ಒಣಗಿ ಬೆಳ್ಳಗಾಗಿದ್ದವು. ನಿವೇದಿತಾ ಸಕ್ಕರೆ ಅಳೆಯುವ ಯಂತ್ರ ಹಿಡಿದು ಅವಳ ಬೆರಳಿಗೆ ಚುಚ್ಚಿ, ಬಂದ ಅಂಕಿಯನ್ನು ಗಂಡನಿಗೆ ತೋರಿಸಿದಳು. ಇಷ್ಟು ದಿನ ನೋಡದಿದ್ದವಳು ಈಗ ನೆಟ್ಟ ಕಣ್ಣಿನಿಂದ ನೋಡಿದಳು. "ಹೇಳ್ತೀರೋ, ನಾ ಹೇಳ್ಲೋ?" ಎಂದಳು, ಅತ್ತೆಗೆ ಕೇಳದ ಹಾಗೆ.

"ಹತ್ತು ನಿಮಿಷ," ಎಂದ ಅವನು. "ಬಂದಾನ. ಹತ್ತ ನಿಮಿಷ ತಡಿ ಮಾರಾಯ್ತಿ."

ಅವಳಿಗೆ ಅವನ ಮೇಲೆ ಅಸಹ್ಯ ಬಂದಿತ್ತು. ಅದು ಮುಖದಲ್ಲಿ ಕಾಣುತ್ತಿತ್ತು, ಅವನಿಗೂ ತನ್ನ ಮೇಲೆ ಅದೇ ಬಂದಿತ್ತು. ಅವ್ವನ ಜೀವವನ್ನು ಒತ್ತೆಯಿಟ್ಟು ತಾನು ಹತ್ತು ನಿಮಿಷ ಕೇಳುತ್ತಿದ್ದ. ಇನ್ನು ಹೇಳಿಯೇಬಿಡುತ್ತೇನೆ ಎಂದು ಅವನು ನೆಲದ ಮೇಲೆ, ಅವ್ವನ ಕಾಲ ಬಳಿ ಕುಳಿತ. "ಅವ್ವಾ," ಎಂದ. ಆಗ ಬಾಗಿಲ ಪಕ್ಕದ ಇಂಟರ್‌ಕಾಮ್ ಕೂಗಿತು. ಹತ್ತಿರವಿದ್ದ ಶಿವಾನಿ ಗುಂಡಿ ಒತ್ತಿದಳು. ಕೆಳಗಿನ ರಿಸೆಪ್ಶನ್ನಿನ ಪ್ಯಾಟ್ರಿಶಿಯಾಳ ದನಿ ಹಾಲಿನ ತುಂಬ ಹರಡಿತು. ಉಡುಪಿ ಕಡೆಯ ಹುಡುಗಿ, ಇವರ ಮನೆಯಲ್ಲಿ ಕನ್ನಡ ಆಡುತ್ತಾರೆ ಎಂಬ ಸಂತೋಷಕ್ಕೇ ಯಾವಾಗಲೂ ಎರಡು ಮಾತು ಹೆಚ್ಚು ಆಡುವವಳು.

"ಸರ್, ನಿಮಗೊಂದು ಪಾರ್ಸೆಲ್ ಉಂಟು. ಇಟಲಿಯಿಂದ ಬಂದದ್ದು. ಮೇಲೆ ಕಳಿಸುವುದಾ?"

"ಬ್ಯಾಡ! ನಾನೇ ಬರ್ತೀನಿ," ಎಂದು ಸಿದ್ದೇಶ ಕೂಗಿದ ರಭಸಕ್ಕೆ ಅವ್ವ ಕಣ್ಣು ತೆರೆದಳು.

"ಇಟಲಿಯಿಂದ ಏನೋ?"

"ಶಿವಾನಿ ಟೊಪ್ಪಿಗಿ ಅವ್ವಾ. ಅಲ್ಲೇ ಬಿಟ್ಟು ಬಂದಿದ್ವಿ, ಕಳಿಸ್ಯಾರ. ಅಕ್ಕಸಾಲಿಗನೂ ಕೆಳಗ ಬಂದಾನ, ಕರಡಿಗಿ ತಗೊಂಡ ಬರ್ತೀನಿ."

ಲಿಫ್ಟಿನಲ್ಲಿ ಅವನು ಕನ್ನಡಿಗೆ ಬೆನ್ನು ಮಾಡಿ ನಿಂತ. ಲಾಬಿಯಲ್ಲಿ ಪ್ಯಾಟ್ರಿಶಿಯಾ, "ಸಣ್ಣ ಡಬ್ಬಿ ಸರ್, ಆದರೆ ಭಾರ ಉಂಟು ಮಾರಾಯ್ರೆ," ಎಂದಳು. ಜನರಿಲ್ಲದ ಮೂಲೆಗೆ ಹೋಗಿ ಉಗುರಿನಿಂದ ಟೇಪು ಕಿತ್ತ. ಮೊದಲು ಸಿಕ್ಕಿದ್ದು ಕಾಲುಚೀಲ. ಆ ಹೆಂಗಸು ಅದನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ಇಟ್ಟಿದ್ದಳು. ಅದರ ಕೆಳಗೆ ಅಪ್ಪನ ಕರಡಿಗೆ. ಅಪ್ಪನನ್ನು ಮಣ್ಣು ಮಾಡುವಾಗ ಲಿಂಗ ಅವನ ಅಂಗೈಯಲ್ಲೇ ಹೋಯಿತು, ಕರಡಿಗೆ ಮಾತ್ರ ಮಗನಿಗೆ ಉಳಿಯಿತು. ಮುಚ್ಚಳ ತೆಗೆದ. ಲಿಂಗ ಒಳಗಿತ್ತು, ಕಪ್ಪಗೆ, ಎಣ್ಣೆಯ ಹಂಗಿಲ್ಲದೆ ಹೊಳೆಯುತ್ತಾ. ಎದೆಯಿಂದ ವಸ್ತ್ರ ಬಿಚ್ಚಿ, ಕಲ್ಲನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿದ. ಕೆಲಸ ಮುಗಿಯಿತು. ಎಷ್ಟು ಸುಲಭವಾಗಿ ಮುಗಿಯಿತು! ಮೇಲೆ ಬಂದವನೇ ಯಾರೂ ನೋಡದ ಹಾಗೆ ಬಗ್ಗಿ ಮಗಳ ಡಬ್ಬಿಯಲ್ಲಿ, ಖಾಲಿ ಚೀಟಿಯ ಮೇಲೆ ಕಲ್ಲನ್ನಿಟ್ಟ. ಅದನ್ನು ಒರೆಸಬೇಕಿತ್ತು ಎಂಬುದು ತಲೆಗೆ ಬರಲಿಲ್ಲ.

ಹಾಲಿನ ಮೂಲೆಯಲ್ಲಿ ಎರಡು ಮಣೆ. ಅವ್ವ ಬಾಗಿಲಿಗೆ ಬೆನ್ನು ಮಾಡಿ ಕುಳಿತಳು, ಸಿದ್ದೇಶ ಅವಳೆದುರಿಗೆ. ಅವಳು ಹೊಸ ದಾರವನ್ನು ಎರಡೂ ಕೈಯಲ್ಲಿ ಕೊಟ್ಟಳು. ಕರಡಿಗೆಯನ್ನು ತಿರುಗಿಸಿ ನೋಡಿ, "ಚೊಲೊ ಮಾಡ್ಯಾನ ಅಕ್ಕಸಾಲಿಗ," ಎಂದಳು. ಅವನು ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿದ. ಬೂದು ಮೂಡುವ ಭಯವಿಲ್ಲ. ಯಾವ ಭಯವೂ ಇಲ್ಲ. ಎಷ್ಟೋ ದಿನಗಳ ಮೇಲೆ ಭುಜ ಇಳಿಬಿಟ್ಟು ಕುಳಿತ. ಮಧ್ಯಾಹ್ನ ದುಬೈಗೆ ಹೋಗಬೇಕು, ಅಲ್ ಬರ್ಷಾದ ಸೈಟಿನಲ್ಲಿ ಚಿಲ್ಲರ್ ಪೈಪಿನ ತಕರಾರು. ಹೆದ್ದಾರಿಯಲ್ಲಿ ಆ ಹೊತ್ತಿಗೆ ವಾಹನ ಕಡಿಮೆ. ಕ್ಯಾಂಪಿನ ಹೆಂಗಸಿಗೆ ಏನಾದರೂ ಕಳಿಸಬೇಕು, ಒಳ್ಳೆಯ ಖರ್ಜೂರ. ಮುಂದಿನ ಬೇಸಿಗೆಗೆ ಸಿಸಿಲಿ ನೋಡಬಹುದು. ಅಂಗೈಯಲ್ಲಿ ಲಿಂಗ ಇತ್ತು, ಇರಬೇಕಾದ ವಸ್ತು ಇರಬೇಕಾದಲ್ಲಿ ಇತ್ತು, ಅದನ್ನು ನೋಡುವ ಅಗತ್ಯ ಕಾಣಲಿಲ್ಲ.

"ಇವತ್ತ ಯಾಕ ಹಿಂಗ ಕುಂತಿ ಸಿದ್ದೂ?"

ಅವ್ವ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು.

"ಹ್ಯಾಂಗ ಅವ್ವಾ?"

"ಬಂದಾಗಿಂದ ನೋಡಾಕತ್ತೀನಿ. ದಿನಾ ಲಿಂಗ ಹಿಡದ್ರ ನಿನ್ನ ಕೈ ನಡಗತಿತ್ತು. ಕಣ್ಣು ಅದರ ಮ್ಯಾಲಿಂದ ಸರಿತಿದ್ದಿಲ್ಲ. ನಿಮ್ಮಪ್ಪಗೂ ಅಷ್ಟ ಭಕ್ತಿ ಇದ್ದಿಲ್ಲೋ. ನನ್ನ ಮಗ ಇಷ್ಟ ದೂರ ಬಂದರೂ ಹಿಂಗ ಅದಾನಲ್ಲ ಅಂತ ಜೀವಕ್ಕ ತಂಪಾಗಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇವತ್ತ ಬಸ್‌ಸ್ಟ್ಯಾಂಡಿನ್ಯಾಗ ಕುಂತಾವರಗತೆ ಕುಂತೀದಿ. ಮೊದಲ ಸೋಮಾರ. ಹಿಂಗಾದ್ರ ನನಗ ಉಣ್ಣಾಕ ಮನಸ್ಸ ಹ್ಯಾಂಗ ಬರಬೇಕು?"

ಅವ್ವನ ಹಣೆಯ ಮೇಲಿನ ಬೆವರು ವಿಭೂತಿಯನ್ನು ಕರಗಿಸಿಕೊಂಡು ಇಳಿಯುತ್ತಿತ್ತು. ಸಿದ್ದೇಶ ತಲೆ ತಗ್ಗಿಸಿ ಲಿಂಗವನ್ನು ನೋಡಿದ. ನಾಚಿಕೆಯಾಯಿತು, ಆದರೆ ನಾಚಿಕೆಗೆ ಕೈ ನಡುಗಲಿಲ್ಲ. ಅವಳು ಉಣ್ಣಬೇಕಿತ್ತು. ಅವನು ಕೈಯನ್ನು ನಡುಗಿಸಲು ನೋಡಿದ. ಬೆರಳು ಬಿಗಿದ, ಮೊಣಕೈ ಬಿಗಿದ. ಇಪ್ಪತ್ತು ದಿನ ಬೇಡವೆಂದರೂ ನಡುಗಿದ ಕೈ ಈಗ ಹಲಗೆಯ ಮೇಲಿಟ್ಟ ಹಾಗೆ ನೆಟ್ಟಗೆ ನಿಂತಿತ್ತು.

ಆಗ ಅವ್ವನ ಬೆನ್ನ ಹಿಂದೆ, ಬಾಗಿಲ ಹತ್ತಿರ ಶಿವಾನಿ ಬಂದು ನಿಂತಳು. ಅವಳ ಕೈಯಲ್ಲಿ ಕಲ್ಲಿತ್ತು.

"ಪಪ್ಪಾ, ಐ ಫೌಂಡ್ ಇಟ್! ಬಟ್ ವೈ ಡಸ್ ಇಟ್ ಸ್ಮೆಲ್ ಆಫ್ ಕೊಕೊನಟ್?" ಅವಳು ಮೂಗಿಗೆ ಹಿಡಿದು ಇನ್ನೊಮ್ಮೆ ಮೂಸಿದಳು. ಆಮೇಲೆ ಅದನ್ನು ಮೇಲೆತ್ತಿ ಬೆಳಕಿಗೆ ತೋರಿಸಿದಳು. ಮೂರು ಬೆರಳ ಬಿಳಿ ಗೆರೆ ಇಲ್ಲಿಯವರೆಗೂ ಕಾಣುತ್ತಿತ್ತು. "ಅಂಡ್ ಹೂ ಡ್ರೂ ದೀಸ್ ಲೈನ್ಸ್ ಆನ್ ಇಟ್?"

"ಏನಂತೈತಿ ಕೂಸು?" ಎಂದು ಅವ್ವ ತಿರುಗಲು ಹೊರಟಳು.

ಸಿದ್ದೇಶನ ಅಂಗೈ ನಡುಗಿತು. ಪತ್ರಿ ಉದುರಿ ಮಣೆಯ ಮೇಲೆ ಬಿತ್ತು. ಅವನು ಎರಡನೆಯ ಕೈಯನ್ನೂ ಕೆಳಗೆ ಕೊಟ್ಟು ಲಿಂಗವನ್ನು ಹಿಡಿದುಕೊಂಡ. ಕಣ್ಣು ಅದರ ಮೇಲಿಂದ ಸರಿಯಲಿಲ್ಲ, ಬೇರೆಲ್ಲೂ ನೋಡುವ ಧೈರ್ಯ ಅವಕ್ಕೆ ಇರಲಿಲ್ಲ. ಕಣ್ತುಂಬ ನೀರು ಬಂತು.

ಅರ್ಧ ತಿರುಗಿದ್ದ ಬಸಲಿಂಗವ್ವ ಮಗನ ಕೈಯನ್ನು ಕಂಡು ಅಲ್ಲೇ ನಿಂತಳು. ನಿವೇದಿತಾ ಬಂದು ಮಗಳ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು.

"ಹಾಂ, ಈಗ ಬಂತ ನೋಡು," ಎಂದಳು ಅವ್ವ. ಅವಳ ಮುಖ ವಿಮಾನ ನಿಲ್ದಾಣದಲ್ಲಿ ಅರಳಿದ ಹಾಗೆಯೇ ಅರಳಿತ್ತು. "ನಿವೇದಿತಾ, ಊಟಕ್ಕ ಬಡಸವಾ," ಎಂದು ಕೂಗಿ ಹೇಳಿ, ಕಣ್ಣು ಮುಚ್ಚಿಕೊಂಡಳು.